ಕೈಕಸಬಿನ ಸಾಮಾನುಗಳಿಗೆ ಸಹಕಾರ ಮಳಿಗೆ

(ಕೋಲಾರ ಚಿನ್ನದ ಗಣಿ ಮತ್ತು ಬಂಗಾರಪೇಟೆ ಪ್ರಾಂತ್ಯದ ಹಿಡುವಳಿದಾರರಿಗೂ ಗ್ರಾಮದ ಯಜಮಾನರಿಗೂ ಉದ್ದೇಶಿಸಿದ ಉಪನ್ಯಾಸ)



ಬಂಗಾರಪೇಟೆಯ ಸುತ್ತಮುತ್ತಣ ಗ್ರಾಮಗಳಲ್ಲಿ ಬೇಸಾಯವೇ ಮುಖ್ಯವಾದ ಜೀವನೋಪಾಯವಾಗಿದ್ದರೂ, ಕೈಕಸಬನ್ನು ನಂಬಿಕೊಂಡಿರತಕ್ಕ ಕುಟುಂಬಗಳು ಇಂದಿಗೂ ಇಲ್ಲದಿಲ್ಲ. ಕುಂಬಾರರು ಮಡಕೆ, ಹಣತೆ, ಗಣೇಶನ ಮೂರ್ತಿಗಳನ್ನು ಮಾಡುತ್ತಾರೆ. ಮೇದರು ಮೊರ, ಬುಟ್ಟಿಗಳನ್ನೂ ರೇಷ್ಮೆಹುಳು ಗೂಡು ಕಟ್ಟುವುದಕ್ಕೆ ಬೇಕಾದ ಚಂದ್ರಿಕೆಗಳನ್ನೂ ಹೆಣೆಯುತ್ತಾರೆ. ಕುರುಬರಲ್ಲಿ ಕಂಬಳಿ ನೇಯುವವರಿದ್ದಾರೆ. ನೆರೆಯ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಶಿಲ್ಪಿಗಳ ಹೆಸರನ್ನಂತೂ ಕೇಳದವರು ವಿರಳ. ಅವರು ಕಡೆದ ವಿಗ್ರಹಗಳು ದೂರದೂರದ ದೇವಾಲಯಗಳಲ್ಲಿ ಪೂಜೆಗೊಳ್ಳುತ್ತಿವೆ.

ಇಂಥ ಕಸಬುದಾರರನ್ನು ವಿಚಾರಿಸಿದರೆ ಸಾಮಾನ್ಯವಾಗಿ ದೊರೆಯತಕ್ಕ ಉತ್ತರವು ಒಂದೇ: ಸಾಮಾನು ಚೆನ್ನಾಗಿದೆ, ಕೊಳ್ಳುವವರಿಲ್ಲ. ಈ ಮಾತು ಅರ್ಧ ಮಾತ್ರ ನಿಜ. ಕೊಳ್ಳುವವರು ಇದ್ದಾರೆ, ಆದರೆ ಅವರು ಬರತಕ್ಕ ದಿವಸವು ಕಸಬುದಾರನ ಮನೆಯಲ್ಲಿ ಹಿಟ್ಟು ತೀರಿದ ದಿವಸವಾಗಿರುವುದಿಲ್ಲ. ಹಣತೆಯನ್ನು ಬೇಸಿಗೆಯಲ್ಲಿ ಸುಡಬೇಕು, ಅದು ಖರ್ಚಾಗುವುದು ದೀಪಾವಳಿಗೆ. ಕಂಬಳಿಯನ್ನು ನೇಯುವ ಕಾಲ ಒಂದು, ಹೊದೆಯುವ ಕಾಲ ಮತ್ತೊಂದು. ಕಲ್ಲಿನಲ್ಲಿ ಕಡೆದ ಸಣ್ಣ ನಂದಿಯೊಂದು ನಾಳೆಯೇ ಮಾರಿಹೋದರೂ ಹೋಗಬಹುದು, ಆರು ತಿಂಗಳು ಹಾಗೆಯೇ ಕುಳಿತಿದ್ದರೂ ಇರಬಹುದು. ಮಾಡಿದ ದಿನಕ್ಕೂ ಮಾರಿದ ದಿನಕ್ಕೂ ನಡುವೆ ಇರುವ ಈ ಅವಧಿಯನ್ನು ಯಾರು ತಮ್ಮ ಹಣದಿಂದ ಹೊರುತ್ತಾರೋ, ಲಾಭವೂ ಅವರದೇ ಆಗುತ್ತದೆ.

ಹಿಂದೆ ಈ ತೊಡಕು ಇಷ್ಟಾಗಿ ಇರಲಿಲ್ಲ. ಆಯದ ಪದ್ಧತಿಯು ನಡೆಯುತ್ತಿದ್ದ ಕಾಲದಲ್ಲಿ ಬಡಗಿ, ಕಮ್ಮಾರ, ಕುಂಬಾರ ಮೊದಲಾದ ಆಯಗಾರರು ವರ್ಷವಿಡೀ ಊರಿನ ಕೆಲಸ ಮಾಡುತ್ತಿದ್ದರು. ಸುಗ್ಗಿಯಲ್ಲಿ ಕಣದ ಬಳಿಗೆ ಬಂದು ತಮ್ಮ ಪಾಲಿನ ಧಾನ್ಯವನ್ನು ಒಯ್ಯುತ್ತಿದ್ದರು. ಮಡಕೆಗೆ ಗಿರಾಕಿ ಬಂದನೋ ಇಲ್ಲವೋ ಎಂಬ ಚಿಂತೆ ಕುಂಬಾರನಿಗೆ ಇರಲಿಲ್ಲ. ಆ ಪದ್ಧತಿಯಲ್ಲಿ ದೋಷಗಳು ಬಹಳವಾಗಿದ್ದುವು. ಆಯಗಾರನು ಊರನ್ನು ಬಿಟ್ಟು ಹೋಗುವಂತಿರಲಿಲ್ಲ, ಕೊಟ್ಟಷ್ಟನ್ನು ಸುಮ್ಮನೆ ಕೊಂಡುಹೋಗಬೇಕಾಗಿತ್ತು. ಆದುದರಿಂದ ಅದನ್ನು ಮತ್ತೆ ತರಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಕಾಯುವ ಹೊರೆಯನ್ನು ಆಗ ಹಿಡುವಳಿದಾರನ ಕಣವು ಹೊರುತ್ತಿತ್ತೆಂಬುದನ್ನು ಮಾತ್ರ ಮರೆಯಲಾಗದು.

ಅನಂತರ ಈ ಪ್ರಾಂತ್ಯಕ್ಕೆ ಗಣಿಯ ಪೇಟೆಯು ಒದಗಿಬಂದಿತು. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯವರು 1880ರಲ್ಲಿ ಇಲ್ಲಿ ಕೆಲಸಕ್ಕೆ ಕೈಹಾಕಿದರು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿ ಬಂದಿತು. ಸಾವಿರಾರು ಮಂದಿ ಸಂಬಳದವರು ಒಂದೆಡೆ ನೆಲೆಸಿದ ಮೇಲೆ, ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳು ಸುತ್ತಣ ಹಳ್ಳಿಗಳ ಸರಕಿಗೆ ಹತ್ತಿರದ ಪೇಟೆಗಳಾದುವು. ಸಂಬಳದ ದಿನವೆಂಬುದು ಗೊತ್ತಾದ ದಿನವಾದುದರಿಂದ ಮಾರುವವನಿಗೂ ಒಂದು ಧೈರ್ಯವಿರುತ್ತಿತ್ತು. 2001ನೆಯ ಇಸವಿ ಫೆಬ್ರವರಿ 28ರಂದು ಗಣಿಗಳು ಮುಚ್ಚಿದುವು. ಇಂದು ಗಣಿ ಪ್ರದೇಶದ ಜನರಲ್ಲಿ ಬಹುಮಂದಿ ಮಾರಿಕುಪ್ಪಮ್ಮಿನಿಂದ ಹೊರಡುವ ರೈಲನ್ನು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಹಿಂತಿರುಗುತ್ತಾರೆ. ದುಡ್ಡು ಬೆಂಗಳೂರಿನಲ್ಲಿ ಹುಟ್ಟುತ್ತದೆ, ಬಹುಪಾಲು ಅಲ್ಲಿಯೇ ಖರ್ಚಾಗುತ್ತದೆ.

ಕಣವೂ ಇಲ್ಲ, ಸಂಬಳದ ದಿನವೂ ಇಲ್ಲ. ಈ ತೆರಪಿನಲ್ಲಿ ಬಂದವನು ದಳ್ಳಾಳಿ. ಅವನನ್ನು ಬಯ್ಯುವುದು ಸುಲಭ; ಆದರೆ ಅವನು ಮಾಡುವ ಕೆಲಸವನ್ನು ನ್ಯಾಯವಾಗಿ ನೋಡತಕ್ಕದ್ದು. ಅವನು ಕೈಯಲ್ಲಿ ರೊಕ್ಕ ಹಿಡಿದು ಮನೆಬಾಗಿಲಿಗೆ ಬರುತ್ತಾನೆ, ಸಾಮಾನನ್ನು ಒಯ್ದು ಮಾರುವವರೆಗೆ ಕಾಯುತ್ತಾನೆ, ಮಾರದಿದ್ದರೆ ನಷ್ಟವನ್ನು ತಾನೇ ಅನುಭವಿಸುತ್ತಾನೆ. ಕಸಬುದಾರನು ಮುಂಗಡ ಪಡೆದು ಅವನ ಋಣಕ್ಕೆ ಬಿದ್ದ ಮೇಲೆ ಕ್ರಯವನ್ನು ಗೊತ್ತುಮಾಡುವವನೂ ಅವನೇ ಆಗುವುದರಿಂದ ಕೇಡುಂಟಾಗುತ್ತದೆ. ಶಿವಾರಪಟ್ಟಣದಂಥ ಊರಿನಲ್ಲಿಯೂ ಈ ಭೇದವನ್ನು ಗುರುತಿಸಬೇಕು. ದೇವಸ್ಥಾನದವರು ಅಳತೆ, ಲಕ್ಷಣಗಳನ್ನು ಹೇಳಿ ಮುಂಗಡ ಕೊಟ್ಟು ಮಾಡಿಸುವ ವಿಗ್ರಹಕ್ಕೆ ಮಳಿಗೆಯ ಅವಶ್ಯಕತೆ ಇಲ್ಲ; ಅಲ್ಲಿ ಕೊಳ್ಳುವವನೇ ಮೊದಲು ಬರುತ್ತಾನೆ. ಅಪ್ಪಣೆಯಿಲ್ಲದ ತಿಂಗಳುಗಳಲ್ಲಿ ಕೈ ಸುಮ್ಮನಿರಬಾರದೆಂದು ಕಡೆಯುವ ದೀಪ, ನಂದಿ, ಗಣಪತಿ ಮುಂತಾದ ಸಣ್ಣ ಸಾಮಾನುಗಳಿಗೇ ಮಳಿಗೆ ಬೇಕಾದದ್ದು.

ಹಿಡುವಳಿದಾರರಿಗೆ ಈ ವಿಷಯವು ಹೊಸದೇನೂ ಅಲ್ಲ. ಹಗೇವು ಇದ್ದ ರೈತನು ರಾಗಿಯನ್ನು ನೆಲದೊಳಗೆ ತುಂಬಿ, ಧಾರಣೆ ಏರಿದಾಗ ತೆಗೆಯುತ್ತಿದ್ದನು. ಹಗೇವಿಲ್ಲದೆ ಸಾಲವಿದ್ದವನು ಕಣದಲ್ಲಿಯೇ ಕೇಳಿದ ಬೆಲೆಗೆ ಅಳೆದುಕೊಟ್ಟು ಬರಿಗೈಯಲ್ಲಿ ಮನೆಗೆ ಹೋಗುತ್ತಿದ್ದನು. ರಾಗಿ ಒಂದೇ, ಹೊಲ ಒಂದೇ. ವ್ಯತ್ಯಾಸವು ಕಾಯುವ ಶಕ್ತಿಯಲ್ಲಿ. ಹಾಲಿಗೆ ಕಾಯುವ ಗುಣವೇ ಇಲ್ಲ. ಹಾಲಿನ ಸಹಕಾರ ಸಂಘದವರು ಅದನ್ನು ಬೆಳಗ್ಗೆ ಸಂಜೆ ಅಳೆದುಕೊಂಡು, ಕೊಬ್ಬಿನ ಅಂಶವನ್ನು ನೋಡಿ, ಗೊತ್ತಾದ ದಿನಕ್ಕೆ ಹಣ ಸಲ್ಲಿಸುತ್ತಾರೆ. ರೇಷ್ಮೆಗೂಡೂ ಹಾಗೆಯೇ, ಕೆಲವು ದಿನಗಳು ಕಳೆದರೆ ಚಿಟ್ಟೆಯು ಗೂಡನ್ನು ತೂತುಮಾಡಿಕೊಂಡು ಹೊರಬರುತ್ತದೆ. ಆದುದರಿಂದಲೇ ಗೂಡಿಗೆ ಸರ್ಕಾರಿ ಮಾರುಕಟ್ಟೆಯೂ ಬಹಿರಂಗ ಹರಾಜೂ ಏರ್ಪಟ್ಟಿವೆ. ಕಲ್ಲಿನ ನಂದಿಯಾದರೋ ನೂರು ವರ್ಷ ಇಟ್ಟರೂ ಕೆಡುವುದಿಲ್ಲ. ಕಾಯಲಾರದ್ದು ಅದನ್ನು ಕಡೆದವನ ಸಂಸಾರ. ಕಸಬುದಾರನಿಗೆ ಬೇಕಾದದ್ದು ಒಂದು ಹಗೇವು. ಸಹಕಾರ ಮಳಿಗೆಯು ಅದೇ ಆಗತಕ್ಕದ್ದು.

ಇದು ಎಲ್ಲಿಯೂ ಕಾಣದ ಯೋಚನೆಯಲ್ಲ. ಮದರಾಸಿನಲ್ಲಿ 1935ರಲ್ಲಿ ಸ್ಥಾಪಿತವಾದ ಕೈಮಗ್ಗದ ನೇಕಾರರ ಸಹಕಾರ ಸಂಘವು, ಊರೂರಿನ ನೇಕಾರರ ಸಂಘಗಳಿಂದ ಬಟ್ಟೆಯನ್ನು ಕೊಂಡು ತನ್ನ ಅಂಗಡಿಗಳಲ್ಲಿ ಮಾರುತ್ತದೆ. ಕೋ-ಆಪ್ಟೆಕ್ಸ್ ಎಂಬ ಅದರ ಹೆಸರು ಗಣಿ ಪ್ರದೇಶದವರಿಗೆ ತಿಳಿದೇ ಇರಬಹುದು. ಕರ್ನಾಟಕದಲ್ಲಿ 1964ರಲ್ಲಿ ಸರ್ಕಾರದವರು ಕರಕುಶಲ ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿದರು. ಕಾವೇರಿ ಎಂಬ ಹೆಸರಿನ ಮಳಿಗೆಗಳು ಅದರವು. ಇವಕ್ಕಿಂತ ವಿಚಿತ್ರವಾದ ಉದಾಹರಣೆ ಕೆನಡಾ ದೇಶದ್ದು. ಅಲ್ಲಿಯ ಉತ್ತರ ಭಾಗದಲ್ಲಿ, ಮರವೂ ಬೆಳೆಯದ ಹಿಮಪ್ರದೇಶದಲ್ಲಿ, ಇನ್ಯುಯಿಟ್ ಎಂಬ ಜನರಿದ್ದಾರೆ. ಆಗ ಕೇಪ್ ಡಾರ್ಸೆಟ್ ಎಂದು ಕರೆಯುತ್ತಿದ್ದ ಅವರ ಊರಿನಲ್ಲಿ 1959ರಲ್ಲಿ ಒಂದು ಸಹಕಾರ ಸಂಘವು ಏರ್ಪಟ್ಟಿತು. ಅಲ್ಲಿಯೂ ಕಲ್ಲು ಕಡೆಯುವವರೇ. ಕಡೆದವನು ಸಾಮಾನನ್ನು ಸಂಘಕ್ಕೆ ತರುತ್ತಾನೆ, ಸಂಘವು ಅದನ್ನು ಕೊಂಡು ಹಣ ಕೊಡುತ್ತದೆ, ಸಾಮಾನು ಸಾವಿರಾರು ಮೈಲಿ ದೂರದ ನಗರಗಳಿಗೆ ಹೋಗಿ ಮಾರಾಟವಾಗುತ್ತದೆ. ಕಾಯುವವನು ಕಡೆದವನಲ್ಲ, ಸಂಘ.

ಹಾಗಾದರೆ ಕಾಯುವುದಕ್ಕೆ ಎಷ್ಟು ಹಣ ಬೇಕು? ಮಳಿಗೆ ತೆರೆಯಬೇಕೆನ್ನುವವರು ಗೋಡೆಯ ಸುಣ್ಣ, ಗಾಜಿನ ಬೀರು, ಪ್ರಾರಂಭೋತ್ಸವದ ಚಪ್ಪರ ಇವುಗಳ ಅಂದಾಜನ್ನು ಬೇಗನೆ ಮಾಡುತ್ತಾರೆ. ಈ ಲೆಕ್ಕವನ್ನು ಮಾತ್ರ ಬರೆಯುವುದಿಲ್ಲ. ಉದಾಹರಣೆಗಾಗಿ, ಹತ್ತು ಮಂದಿ ಕಸಬುದಾರರು ತಿಂಗಳಿಗೆ ತಲಾ 5ರಂತೆ 50 ಸಾಮಾನುಗಳನ್ನು ತರುತ್ತಾರೆಂದೂ, ಒಂದೊಂದಕ್ಕೆ 1,000 ರೂಪಾಯಿ ಮಾರಾಟದ ಬೆಲೆಯೆಂದೂ, ಒಂದು ಸಾಮಾನು ಸರಾಸರಿ ನಾಲ್ಕು ತಿಂಗಳು ಮಳಿಗೆಯಲ್ಲಿರುತ್ತದೆಂದೂ ಭಾವಿಸಬಹುದು. ಆಗ ಮಳಿಗೆಯಲ್ಲಿ ಯಾವಾಗಲೂ 200 ಸಾಮಾನುಗಳಿರುತ್ತವೆ. ತಂದ ದಿನವೇ ಕಸಬುದಾರನಿಗೆ 600 ರೂಪಾಯಿ ಕೊಟ್ಟರೆ, 1,20,000 ರೂಪಾಯಿ ಸರಕಿನಲ್ಲಿ ಸಿಕ್ಕಿಕೊಂಡಿರುತ್ತದೆ. ಮಾರಾಟವಾದ ಮೇಲೆ ಕಸಬುದಾರನಿಗೆ ಇನ್ನೂ 200 ರೂಪಾಯಿ ಸಲ್ಲಬೇಕು. 150 ರೂಪಾಯಿ ಮಳಿಗೆಯ ವೆಚ್ಚಕ್ಕೆ, ಉಳಿದ 50 ಆಪದ್ಧನಕ್ಕೆ. ಈ 1,20,000 ರೂಪಾಯಿಯನ್ನು ಹೊಂದಿಸದೆ ಬಾಗಿಲು ತೆರೆದರೆ, ಸಾಮಾನನ್ನು ಇಟ್ಟುಹೋಗಿ, ಮಾರಿದ ಮೇಲೆ ಹಣ ಎಂದು ಹೇಳಬೇಕಾಗುತ್ತದೆ. ಎರಡು ತಿಂಗಳಲ್ಲಿ ಒಳ್ಳೆಯ ಸಾಮಾನು ಮತ್ತೆ ದಳ್ಳಾಳಿಯ ಮನೆಗೂ, ಅವನು ಬೇಡವೆಂದದ್ದು ಮಳಿಗೆಗೂ ಬರುತ್ತದೆ.

ಹಿಡುವಳಿದಾರರು ಸಹಾಯ ಮಾಡಬಹುದಾದ ಸ್ಥಳವು ಇದೇ. ತಲಾ 2,000 ರೂಪಾಯಿಯ ಷೇರನ್ನು 60 ಮಂದಿ ಕೊಂಡರೆ ಮೇಲಿನ ಮೊತ್ತವು ಕೂಡುತ್ತದೆ. ಸೀಮೆಹಸುವಿನ ಬೆಲೆಯ ಮುಂದೆ ಅದು ದೊಡ್ಡದಲ್ಲ. ಹಳ್ಳಿಯ ಹಿರಿಯರು ಮುಂದೆ ಬಂದಾಗ ಏನಾಗುತ್ತದೆಂಬುದಕ್ಕೆ ಗದಗಿನ ಬಳಿಯ ಕಣಗಿನಹಾಳವೇ ಸಾಕ್ಷಿ. 1905ರಲ್ಲಿ ಅಲ್ಲಿ ಸಹಕಾರ ಪತ್ತಿನ ಸಂಘವನ್ನು ಕಟ್ಟಿದವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ಊರ ಗೌಡರ ಮಾತಿನ ಮೇಲೆ ಜನಕ್ಕೆ ಇದ್ದ ನಂಬಿಕೆಯೇ ಆ ಸಂಘದ ಮೊದಲ ಬಂಡವಾಳವೆಂದರೆ ತಪ್ಪಾಗಲಾರದು. ಮೈಸೂರು ಸಂಸ್ಥಾನದಲ್ಲಿಯೂ ಅದೇ 1905ರಲ್ಲಿ ಸಹಕಾರ ಸಂಘಗಳ ರೆಗ್ಯುಲೇಷನ್ ಜಾರಿಗೆ ಬಂದಿತು.

ಆದರೆ ಹಣ ಹಾಕಿದವರು ಯಜಮಾನಿಕೆಯನ್ನೂ ಕೇಳಲಾಗದು. ಹತ್ತು ಷೇರಿನವನಿಗೂ ಒಂದು ಷೇರಿನವನಿಗೂ ವೋಟು ಒಂದೇ ಎಂಬುದು ಸಹಕಾರದ ಮೂಲಸೂತ್ರ. ಆಡಳಿತ ಮಂಡಲಿಯಲ್ಲಿ ಅರ್ಧಕ್ಕೆ ಕಡಮೆಯಿಲ್ಲದೆ ಕಸಬುದಾರರು ಇರತಕ್ಕದ್ದು. ಅವರಲ್ಲಿ ಹೆಂಗಸರೂ ಇರತಕ್ಕದ್ದು, ಬುಟ್ಟಿ ಹೆಣೆಯುವ ಕೈ ಬಹುಮಟ್ಟಿಗೆ ಅವರದೇ ಆಗಿರುವಾಗ. ಯಾವ ಸಾಮಾನನ್ನು ತೆಗೆದುಕೊಳ್ಳಬೇಕು, ಯಾವುದನ್ನು ಹಿಂದಕ್ಕೆ ಕಳುಹಿಸಬೇಕು ಎಂಬ ತೀರ್ಪು ಎಲ್ಲಕ್ಕಿಂತ ಕಷ್ಟವಾದದ್ದು. ನೆಂಟತನ, ಜಾತಿ, ಹಳೆಯ ವೈರ ಎಲ್ಲವೂ ಅಲ್ಲಿ ಕುಳಿತುಕೊಳ್ಳುತ್ತವೆ. ಗ್ರಾಮದ ಯಜಮಾನರು ಈ ತೀರ್ಪಿನಿಂದ ದೂರವಿರುವುದು ಲೇಸು. ಬೇರೆ ಕಸಬಿನ ಇಬ್ಬರು ಮತ್ತು ಮಳಿಗೆಯ ಗುಮಾಸ್ತೆ, ಮಾಡಿದವನ ಹೆಸರನ್ನು ತಿಳಿಯದೆ, ಸಾಮಾನನ್ನು ನೋಡಿ ಹೇಳಲಿ. ಮೊರವನ್ನು ಕಲ್ಲುಕುಟಿಗನು ಪರೀಕ್ಷಿಸುವುದೇ ಎಂದು ನಗಬಹುದು, ಕೊಳ್ಳುವವನು ಮೇದರವನಾಗಿರುವುದಿಲ್ಲವಷ್ಟೆ. ತೆಗೆದುಕೊಂಡ ಮೇಲೆ ಮಾತ್ರ ಮಾಡಿದವರ ಹೆಸರು, ಊರು, ಬೆಲೆ ಇವನ್ನು ಬರೆದು ಸಾಮಾನಿಗೆ ಕಟ್ಟತಕ್ಕದ್ದು. ಆರು ತಿಂಗಳಾದರೂ ಮಾರದಿದ್ದರೆ, ಕಸಬುದಾರನು ಅದನ್ನು ಒಯ್ದು ಅಷ್ಟೇ ಬೆಲೆಯ ಬೇರೊಂದನ್ನು ತಂದಿಡಬೇಕು, ಇಲ್ಲವೆ ಅವನ ಒಪ್ಪಿಗೆಯಿಂದ ಬೆಲೆಯನ್ನು ಇಳಿಸಬೇಕು. ಕೊಟ್ಟ 600 ರೂಪಾಯಿಯನ್ನು ಹಿಂದಕ್ಕೆ ಕೇಳಿದರೆ ಮಳಿಗೆಯು ಮತ್ತೊಬ್ಬ ಸಾಲಗಾರನಾಗಿಬಿಡುತ್ತದೆ.

ಉದ್ದರಿಯು ಸರ್ವಥಾ ಕೂಡದು. ಇಂಗ್ಲೆಂಡಿನ ರಾಚ್‌ಡೇಲ್ ಊರಿನಲ್ಲಿ 1844ರಲ್ಲಿ ನೇಕಾರರೇ ಮೊದಲಾದ 28 ಮಂದಿ 28 ಪೌಂಡು ಕೂಡಿಸಿ ಅಂಗಡಿ ತೆರೆದಾಗ ಕೈಯಲ್ಲಿ ಕಾಸಿಲ್ಲದವನಿಗೆ ಸಾಮಾನಿಲ್ಲವೆಂದೇ ಗೊತ್ತುಮಾಡಿಕೊಂಡಿದ್ದರು. ಬಡವನು ಉದ್ದರಿ ಕೇಳಲು ನಾಚುತ್ತಾನೆ. ಮಳಿಗೆಯನ್ನು ಮುಳುಗಿಸುವುದು ದೊಡ್ಡವರ ಉದ್ದರಿ. ಮದುವೆಗೆಂದು ದೀಪಸ್ತಂಭ ಒಯ್ದ ಹಿರಿಯರನ್ನು ಹಣ ಕೇಳಲು ಗುಮಾಸ್ತೆಗೆ ಬಾಯಿ ಬರುವುದಿಲ್ಲ. ಆದುದರಿಂದ ಮೊದಲ ವರ್ಷದಲ್ಲಿ ಯಜಮಾನರೇ ಎಲ್ಲರೆದುರಿಗೆ ರೊಕ್ಕ ಎಣಿಸಿಕೊಟ್ಟು ಕೊಳ್ಳುವುದು ಉತ್ತಮ.

ಮಳಿಗೆಯು ಎಲ್ಲಿರಬೇಕೆಂಬ ವಿಷಯದಲ್ಲಿ ಹೆಚ್ಚು ಚರ್ಚೆ ಬೇಡ. ಕೊಳ್ಳುವವರು ಹಾಯ್ದುಹೋಗುವ ಜಾಗ ಬಂಗಾರಪೇಟೆ. ಮದರಾಸು ಬೆಂಗಳೂರು ದಾರಿಯ ರೈಲುಗಳೂ, ಮಾರಿಕುಪ್ಪಮ್ಮಿನ ರೈಲುಗಳೂ, ಕೋಲಾರದ ಕಡೆಯವೂ ಕೂಡುವ ಸ್ಥಳವದು. ರೈಲ್ವೆಯವರು 2022ರಿಂದ ಒಂದು ನಿಲ್ದಾಣ ಒಂದು ಉತ್ಪನ್ನ ಎಂಬ ಯೋಜನೆಯ ಮೇರೆಗೆ ಸ್ಥಳೀಯ ಕಸಬುದಾರರಿಗೆ ನಿಲ್ದಾಣಗಳಲ್ಲಿ ಸಣ್ಣ ಅಂಗಡಿಗಳನ್ನು ಕೊಡುತ್ತಿದ್ದಾರೆ. ಸಂಘವು ರಿಜಿಸ್ಟರಾದ ಮೇಲೆ ಅರ್ಜಿ ಹಾಕಿಕೊಳ್ಳಬಹುದು. ಎರಡನೆಯ ಜಾಗ ಕಮ್ಮಸಂದ್ರ. ಅಲ್ಲಿಯ ಕೋಟಿಲಿಂಗೇಶ್ವರದಲ್ಲಿ ಭಕ್ತರು ಕಲ್ಲಿನ ಲಿಂಗಗಳನ್ನೇ ಪ್ರತಿಷ್ಠೆ ಮಾಡಿಸುತ್ತಾರೆ. ಶಿವರಾತ್ರಿಯ ಜನಸಂದಣಿಯನ್ನು ಹೇಳಬೇಕಾದುದಿಲ್ಲ. ಕಲ್ಲಿನ ಬೆಲೆಯನ್ನು ಬಲ್ಲ ಜನ ತಾವಾಗಿಯೇ ಬರತಕ್ಕ ಇಂಥ ಸ್ಥಳ ಇನ್ನೆಲ್ಲಿ ದೊರೆತೀತು? ಆದರೆ ಭಾರವಾದ ಸಾಮಾನನ್ನು ರೈಲಿನವನು ಕೊಳ್ಳುವುದಿಲ್ಲ. ನಿಲ್ದಾಣದಲ್ಲಿ ಕೈಚೀಲದಲ್ಲಿ ಹಿಡಿಯುವಷ್ಟು ಮಾತ್ರ ಇಡಬೇಕು. ಕಂಬಳಿಯೂ, ಬುಟ್ಟಿಯೂ, ಅಂಗೈಯಗಲದ ಗಣಪತಿಯೂ ಅಲ್ಲಿ ಸಲ್ಲುತ್ತವೆ.

ಸಂಘವನ್ನು ರಿಜಿಸ್ಟರು ಮಾಡಿಸುವ ಕ್ರಮವನ್ನು ಸಹಕಾರ ಇಲಾಖೆಯ ಕಛೇರಿಯಲ್ಲಿ ವಿಚಾರಿಸಿ ತಿಳಿಯಬಹುದು. ಪುಸ್ತಕಗಳು ಮೂರು ಸಾಕು: ಬಂದ ಸಾಮಾನಿನದೊಂದು, ಮಾರಿದ್ದರದೊಂದು, ರೊಕ್ಕದ್ದೊಂದು. ತಿಂಗಳ ಕೊನೆಯ ದಿನ ಬೀರುವಿನಲ್ಲಿರುವ ಸಾಮಾನುಗಳನ್ನು ಎಣಿಸಿ ಮೊದಲ ಎರಡು ಪುಸ್ತಕಗಳೊಂದಿಗೆ ತಾಳೆ ನೋಡಬೇಕು. ಈ ಎಣಿಕೆಯನ್ನು ಗುಮಾಸ್ತೆಯೊಬ್ಬನಿಗೇ ಬಿಡದೆ, ಸರದಿಯ ಮೇಲೆ ಇಬ್ಬರು ಸದಸ್ಯರು ಜೊತೆಯಲ್ಲಿ ನಿಂತು ಮಾಡಿಸಬೇಕು. ವರ್ಷದ ಲೆಕ್ಕವನ್ನು ಸರ್ವಸದಸ್ಯರ ಸಭೆಯಲ್ಲಿ ಅಚ್ಚುಹಾಕಿಸಿ ಹಂಚಿದರೆ ಸಾಲದು. ಓದುಬಾರದ ಸದಸ್ಯರಿಗೂ ತಿಳಿಯುವಂತೆ ಗಟ್ಟಿಯಾಗಿ ಓದಿ ಹೇಳಿ, ಯಾರ ಸಾಮಾನು ಎಷ್ಟು ಬಂತು, ಎಷ್ಟು ಮಾರಿತು, ಅವರಿಗೆ ಸಲ್ಲಬೇಕಾದದ್ದು ಎಷ್ಟು ಉಳಿದಿದೆ ಎಂಬುದನ್ನು ಹೆಸರು ಹೆಸರಾಗಿ ತಿಳಿಸಿ, ಬಾಕಿಯನ್ನು ಆ ಸಭೆಯಲ್ಲಿಯೇ ಬಟವಾಡೆ ಮಾಡತಕ್ಕದ್ದು.