ಅಂತರ್ಜಾಲದ ಅರಳಿ ಕಟ್ಟೆ



ಪರಸ್ಪರ ಮುಖ ಕಂಡರಿಯದ ಜನರು ಕಾಸಿನ ಪ್ರತಿಫಲವನ್ನೂ ಬಯಸದೆ ಅಂತರ್ಜಾಲದಲ್ಲಿ ಕೂಡಿಕೊಂಡು ಒಂದು ಕಾರ್ಯಕ್ಕೆ ತೊಡಗುವುದೇತಕ್ಕೆ ಎಂಬ ಪ್ರಶ್ನೆಗೆ, ಮುದ್ದೇಬಿಹಾಳದ ಸೀಮೆಯವರಾದ ನಾವು ಉತ್ತರವನ್ನು ಬಹುದೂರ ಅರಸಬೇಕಾಗಿಲ್ಲ. ವಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಇದ್ದ ಮನೆಯನ್ನು ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೂ ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನೂ ಆರಂಭಿಸಿದುದು, ಮಠಮನೆಗಳ ಮೂಲೆಯಲ್ಲಿ ಹುಳು ಹಿಡಿಯುತ್ತಿದ್ದ ವಚನದ ತಾಳೆಗರಿಗಳು ಅಚ್ಚು ಕಾಣದೆ ಅಳಿದಾವಲ್ಲ ಎಂಬ ಸಂಕಟದಿಂದ. ಬಳಗವೆಂಬುದು ಆ ಸಂಕಟದ ಬೆನ್ನ ಹಿಂದೆ ಬಂದಿತು.

2003ರ ಜೂನ್ ತಿಂಗಳಲ್ಲಿ ಮೊದಲಾದ ಅಂತರ್ಜಾಲದ ವಿಶ್ವಕೋಶವಾದ ಕನ್ನಡ ವಿಕಿಪೀಡಿಯದ ಮೂಲವೂ ಇಂತಹುದೇ ಸಂಕಟ, ಅಂತರ್ಜಾಲದಲ್ಲಿ ಕನ್ನಡ ಬರಹದ ಕೊರತೆ. ಒಂದು ತಂತ್ರಾಂಶದಲ್ಲಿ ಬರೆದ ಕನ್ನಡವು ಮತ್ತೊಂದರಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೋರುತ್ತಿದ್ದ ಆ ಕಾಲದಲ್ಲಿ, ಯುನಿಕೋಡ್ ಎಂಬ ಸಮಾನ ಅಕ್ಷರಸಂಕೇತವು ಬಳಕೆಗೆ ಬಾರದೆ ಇದ್ದಿದ್ದರೆ, ಎಷ್ಟು ಉತ್ಸಾಹವಿದ್ದರೂ ಬಳಗ ಬೆಳೆಯುತ್ತಿರಲಿಲ್ಲ.

ಆದರೆ ಸಾಧನವೊಂದೇ ಜನರನ್ನು ಕರೆತರಲಾರದು. ವಿಕಿಪೀಡಿಯದಲ್ಲಿ ಯಾವ ವಿಷಯದ ಮೇಲೆ ಲೇಖನವಿಲ್ಲವೋ ಅದರ ಕೊಂಡಿ ಕೆಂಪಾಗಿ ಕಾಣುವುದು. ಎರಡೇ ಸಾಲಿನ ಬರಹಕ್ಕೆ ‘ಚುಟುಕು’ ಎಂಬ ಹಣೆಪಟ್ಟಿ ಅಂಟುವುದು. ಓದಲು ಬಂದವನಿಗೆ ಈ ಅಪೂರ್ಣತೆಯೇ ಆಹ್ವಾನವಾಗಿ, ಕಾಗುಣಿತವೊಂದನ್ನು ತಿದ್ದಿದವನು ನಾಳೆ ಒಂದು ಪುಟ ಬರೆಯುತ್ತಾನೆ. ಬರೆದುದರ ಕುರಿತು ‘ಅರಳಿ ಕಟ್ಟೆ’ಯಲ್ಲಿ—ಸಂಪಾದಕರು ಚರ್ಚಿಸುವ ಪುಟಕ್ಕೆ ಅದೇ ಹೆಸರು—ವಾದಕ್ಕೂ ಕೂಡುತ್ತಾನೆ. ಜಗಳವಾಡುವಷ್ಟು ಮಮತೆ ಹುಟ್ಟಿತೆಂದರೆ ಆತನು ಒಳಗಿನವನಾದನೆಂದೇ ನನ್ನ ಎಣಿಕೆ.

ಇದಕ್ಕೆ ವಿಪರೀತವಾದುದೂ ನಡೆಯಿತು. 2010ರ ಆಸುಪಾಸಿನಲ್ಲಿ ಗೂಗಲ್ ಸಂಸ್ಥೆಯು ವೇತನ ಕೊಟ್ಟು, ಯಂತ್ರದ ನೆರವಿನಿಂದ ಇಂಗ್ಲಿಷ್ ಲೇಖನಗಳನ್ನು ಕನ್ನಡಕ್ಕೆ ರಾಶಿರಾಶಿಯಾಗಿ ತಿರುಗಿಸಿ ತುಂಬಿಸಿತು. ಪುಟಗಳು ಉದ್ದವಾದವು, ಭಾಷೆ ಕೃತಕವಾಯಿತು. ಕೂಲಿ ಮುಗಿದೊಡನೆ ಅನುವಾದಕರು ಹೊರಟುಹೋದರು, ತಿದ್ದುವ ಹೊರೆ ಮಾತ್ರ ಹಳೆಯ ಸ್ವಯಂಸೇವಕರ ಹೆಗಲಿಗೆ ಬಿದ್ದಿತು. ಗಾತ್ರವನ್ನೇ ಬೆಳವಣಿಗೆಯೆಂದು ಬಗೆಯುವವರು ಈ ಪ್ರಕರಣವನ್ನು ಅವಶ್ಯ ಅಭ್ಯಸಿಸಬೇಕು.

ನಮ್ಮ ಸೀಮೆಯಲ್ಲಿಯೂ ಬರೆಯಬೇಕಾದುದು ಬಹಳವಿದೆ: ಕೃಷ್ಣಾತೀರದ ತಂಗಡಗಿಯಲ್ಲಿ ಶರಣೆ ನೀಲಾಂಬಿಕೆಯ ಐಕ್ಯಸ್ಥಳವಿದೆ, ನಾಲತವಾಡವಿದೆ, 1565ರ ಯುದ್ಧಕ್ಕೆ ಹೆಸರಿತ್ತ ತಾಳಿಕೋಟೆಯಿದೆ. ಕೈಯಲ್ಲಿ ಮೊಬೈಲ್ ಹಿಡಿದಿರುವ ನಮ್ಮ ತರುಣ ತರುಣಿಯರು ಈ ಊರುಗಳ ಪುಟಗಳನ್ನು ಒಮ್ಮೆ ತೆರೆದು ನೋಡಿ, ತಮಗೆ ನಿಶ್ಚಯವಾಗಿ ತಿಳಿದ ಎರಡು ಸಾಲುಗಳನ್ನು, ಆಧಾರಸಹಿತವಾಗಿ, ಸೇರಿಸಬೇಕೆಂದು ಕೋರುತ್ತೇನೆ.