ಅಟ್ಟದ ಮಡಕೆಯ ಬೀಜ



2020ರ ಮಾರ್ಚ್ 25, ಯುಗಾದಿ. ಅವತ್ತೇ ಲಾಕ್‌ಡೌನ್ ಶುರುವಾಯಿತು. ಬೇವು-ಬೆಲ್ಲ ತಿಂದು ಮನೆಯೊಳಗೆ ಕೂತೆವು. ಮೊದಲು 21 ದಿನ ಅಂದರು, ಆಮೇಲೆ ಮುಂದಕ್ಕೆ ಹೋಯಿತು. ಸಂತೆ ನಿಂತಿತು. ಟೊಮೇಟೊ ಕೇಳುವವರಿಲ್ಲದೆ ಗಿಡದಲ್ಲೇ ಕೊಳೆಯಿತು. ಮನೆಯಲ್ಲಿ ನೋಡಿದರೆ ಸಾರಿಗೆ ಒಂದು ಹಿಡಿ ಸೊಪ್ಪಿಲ್ಲ. ಪೇಟೆಯವರು ಇದನ್ನು ನಂಬಲಿಕ್ಕಿಲ್ಲ.

ಹಿತ್ತಲಲ್ಲಿ ಏನಾದರೂ ಹಾಕೋಣವೆಂದರೆ ಬೀಜ ತರಲು ಬಸ್ಸಿಲ್ಲ. ಆಗ ನಮ್ಮ ಮನೆಗಳ ಅಜ್ಜಿಯರು ಅಟ್ಟದಿಂದ ಮಡಕೆ ಇಳಿಸಿದರು. ಬೂದಿಯಲ್ಲಿ ಕಲೆಸಿಟ್ಟ ಅಲಸಂದೆ, ಬೆಂಡೆ, ದಂಟು. ಗೋಡೆಗೆ ಸಗಣಿಯಲ್ಲಿ ಮೆತ್ತಿದ್ದ ಕುಂಬಳ, ಸೋರೆ. ಬೂದಿ ಬೆರೆಸಿದರೆ ಹುಳು ಹತ್ತುವುದು ಕಡಿಮೆ. ಶಾಲೆ ಮುಚ್ಚಿತ್ತಲ್ಲ, ಮಕ್ಕಳೇ ಮಡಿ ಮಾಡಿದರು. ಬಚ್ಚಲ ನೀರನ್ನು ಬಾಳೆ ಬುಡಕ್ಕೆ ತಿರುಗಿಸಿದೆವು. ತಿಂಗಳೊಳಗೆ ದಂಟಿನ ಸೊಪ್ಪು, ಒಂದೂವರೆ ತಿಂಗಳಿಗೆ ಬೆಂಡೆ. ಬಸಳೆಗಂತೂ ಬೀಜವೂ ಬೇಡ, ಪಕ್ಕದ ಮನೆಯ ಬಳ್ಳಿಯ ತುಂಡು ಸಾಕಾಯಿತು. ಆಗ ನೆಟ್ಟ ಪಪ್ಪಾಯಿ ಮರುವರ್ಷ ಹಣ್ಣು ಕೊಟ್ಟಿತು.

ಹೈಬ್ರಿಡ್ ಬೇಡವೆಂದು ನಾವು ಹೇಳುವುದಿಲ್ಲ, ಮಾರುಕಟ್ಟೆಗೆ ಅದೇ ಬೇಕು. ಆದರೆ ಅದರ ಬೀಜ ತೆಗೆದು ಬಿತ್ತಿದರೆ ಎಲ್ಲ ಗಿಡವೂ ಮೊದಲಿನ ಹಾಗೆ ಬರುವುದಿಲ್ಲ. ಮಡಕೆ ಇಳಿಸಿದ ಅಜ್ಜಿಯರಲ್ಲಿ ಕೆಲವರು ಈಗ ಇಲ್ಲ. ಅವರ ಬೀಜ ಯಾರ ಮನೆಯಲ್ಲಿ ಉಳಿದಿದೆಯೋ, ಒಂದು ಹಿಡಿ ತನ್ನಿ. ಸಂಘದ ಕಚೇರಿಯಲ್ಲಿ ಒಂದು ಬೀರು ಖಾಲಿ ಇದೆ. ಒಂದು ಹಿಡಿ ಒಯ್ದವರು ಕೊಯ್ಲಾದ ಮೇಲೆ ಎರಡು ಹಿಡಿ ವಾಪಸು ಕೊಡಬೇಕು. ಬಡ್ಡಿ ಜಾಸ್ತಿಯಾಯಿತು ಅನ್ನಬೇಡಿ! ಲೆಕ್ಕವನ್ನು ಕಾರ್ಯದರ್ಶಿಗಳು ಬರೆದಿಡುತ್ತಾರೆ.