ಅಪ್ಪ ಕೇಳಿದ ಪ್ರಶ್ನೆ
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ನಾನು ವಿಮರ್ಶಕನಲ್ಲ. ಓದಿದಾಗ ನನಗೇನಾಯ್ತೋ ಅಷ್ಟನ್ನೇ ಹೇಳ್ತೀನಿ.

ಹಾಸ್ಟೆಲಿನಲ್ಲಿ ಮೊದಲು ಓದಿದ್ದು ಕಾರಂತರ ‘ಚೋಮನ ದುಡಿ’, 1933ರದು. ತುಂಡು ಭೂಮಿ ಬಯಸಿದ ಚೋಮ ದುಡಿ ಬಡಿಯುತ್ತಲೇ ಸತ್ತ. ನಾನು ಅತ್ತೆ. ಊರಿಗೆ ಹೋದಾಗ ಓದು ಬಾರದ ಅಪ್ಪನಿಗೆ ಕಥೆ ಹೇಳಿದೆ. ‘ಅವನೊಬ್ನೇ ಯಾಕ್ ಕೇಳ್ದ? ಕೇರಿಯೋರೆಲ್ಲ ಎಲ್ಲೋಗಿದ್ರು?’ ಅಂದ. ನನ್ನ ಅಳು ನಿಂತಿತು.

ಆಮೇಲೆ ದೇವನೂರ ಮಹಾದೇವರ ‘ಒಡಲಾಳ’. ಕದ್ದು ತಂದ ಕಡ್ಲೆಕಾಯಿಯನ್ನು ಸಾಕವ್ವನ ಮನೆಯವರೆಲ್ಲ ರಾತ್ರಿ ಕೂತು ತಿಂದು ಮುಗಿಸ್ತಾರೆ. ಮೊದಲು ನಗು ಬಂತು, ಆಮೇಲೆ ಹೊಟ್ಟೆ ಉರೀತು. ನಮ್ಮವ್ವನ ಮಾತು ಅಚ್ಚಾಗಿದ್ದನ್ನು ನಾನು ಮೊದಲು ಕಂಡದ್ದು ಅಲ್ಲೇ.

ಮೂರನೆಯದು ಅಂಬೇಡ್ಕರರ ‘ಜಾತಿ ವಿನಾಶ’. 1936ರಲ್ಲಿ ಲಾಹೋರಿಗೆ ಭಾಷಣಕ್ಕೆ ಕರೆದವರೇ ಬರಹ ನೋಡಿ ಹೆದರಿ ಸಮ್ಮೇಳನ ಕೈಬಿಟ್ಟರು. ಬಾಬಾಸಾಹೇಬರು ತಿದ್ದಲು ಒಪ್ಪದೆ ತಾವೇ ಅಚ್ಚು ಹಾಕಿಸಿದರು. ಕಷ್ಟದ ಪುಸ್ತಕ, ಎರಡು ಸಲ ಕೆಳಗಿಟ್ಟೆ. ಮೂರನೇ ಸಲ ಅಪ್ಪನಿಗೆ ಉತ್ತರ ಸಿಕ್ಕಿತು: ಜಾತಿ ದುಡಿಮೆಯನ್ನಷ್ಟೇ ಅಲ್ಲ, ದುಡಿಯೋರನ್ನೇ ಒಡೆದು ಮೇಲು ಕೀಳು ಮೆಟ್ಟಿಲ ಮೇಲೆ ನಿಲ್ಲಿಸಿದೆ. ಚೋಮ ಒಂಟಿಯಾದದ್ದು ಹಾಗೆ.

ಓದಿ ಅತ್ತರೆ ಸಾಲದು. ರಜಕ್ಕೆ ಹೋದಾಗ ಓದಿದ್ದನ್ನು ಕೇರೀಲಿ ಹೇಳಿ. ಅವರು ಕೇಳೋ ಪ್ರಶ್ನೆ ಹೊತ್ತುಕೊಂಡು ಮತ್ತೆ ಪುಸ್ತಕಕ್ಕೆ ಬನ್ನಿ.